ಬಾಗಿಲ ಮರೆಯ ಗಿಟಾರು

೧೨ ಜನವರಿ ೧೯೬೪, ರವಿವಾರ

ಧಾರವಾಡದ ಅರಳೆ ವ್ಯಾಪಾರಿ ಮೈಲಾರಲಿಂಗಪ್ಪನವರು ಇವತ್ತು ಕಾರು ಮಾಡಿಕೊಂಡು ಕೇಶ್ವಾಪುರದ ನಮ್ಮ ಬಾಡಿಗೆ ಮನೆ ಹುಡುಕುತ್ತ ಬಂದರು. ನನ್ನ ಗಂಡ ಪ್ರತಿ ಶನಿವಾರ ಗಿಟಾರು ಹೊತ್ತುಕೊಂಡು ಹೋಗುತ್ತಿದ್ದ ಧಾರವಾಡದ ಕ್ಲಬ್ಬಿಗೆ ಅವರೇ ಸೆಕ್ರೆಟರಿ. ಗಂಡನ ಹೆಸರು ಅರ್ಜುನಪ್ಪ. ಬರೆಯುತ್ತೇನೆ, ಇನ್ನು ಯಾರ ಆಯುಷ್ಯ ಕಡಿಮೆಯಾಗಬೇಕು? ಅಕ್ಟೋಬರದಲ್ಲಿ ಕಾಮಾಲೆಯಾಗಿ ಹೋದರು. ಆಗ ಕ್ಲಬ್ಬಿನ ದೊಡ್ಡವರಲ್ಲಿ ಒಂದು ನರಪಿಳ್ಳೆಯೂ ಈ ಕಡೆ ಸುಳಿದಿರಲಿಲ್ಲ. ಈಗ ಕ್ಲಬ್ಬಿಗೆ ಇಪ್ಪತ್ತೈದು ವರ್ಷ ತುಂಬುತ್ತದಂತೆ, ಮಂತ್ರಿಗಳು ಬರುತ್ತಾರಂತೆ, ಸ್ಮರಣ ಸಂಚಿಕೆ ಅಚ್ಚಾಗುತ್ತದಂತೆ. ಅದಕ್ಕೆ ನೆನಪಾಗಿದೆ.

ಗಿಟಾರನ್ನು ಕ್ಲಬ್ಬಿಗೆ ಕೊಡಬೇಕಂತೆ. ದೊಡ್ಡ ಹಾಲಿನಲ್ಲಿ ಗಾಜಿನ ಕಪಾಟು ಮಾಡಿಸಿ ಇಡುತ್ತಾರಂತೆ. "ಹನ್ನೆರಡು ವರ್ಷ ನಮಗಾಗಿ ಬಾರ್ಸ್ಯಾನ್ರಿ ಬಾಯಾರ. ಅವನ ಹೆಸರು ಉಳೀಬೇಕು," ಎಂದರು. ಒಯ್ಯಿರಿ, ಈಗಲೇ ಕಾರಿನಲ್ಲಿ ಹಾಕಿಕೊಳ್ಳಿರಿ ಎಂದೆ. ಹಾಗಲ್ಲ, ಮೊದಲು ಗುಲಾಬಸಾಬನ ಸ್ಟುಡಿಯೋದಲ್ಲಿ ಗಿಟಾರಿನದೊಂದು ಫೋಟೋ ತೆಗೆಸಬೇಕು, ಆಮೇಲೆ ಕ್ಲಬ್ಬಿನಲ್ಲಿ ನಾನು ನನ್ನ ಕೈಯಾರೆ ಅವರಿಗೆ ಕೊಡುವಾಗ ಇನ್ನೊಂದು, ಎಂದರು. ಚಹಾ ಕೊಟ್ಟರೆ ಈಗಷ್ಟೇ ಆಗಿದೆ ಎಂದು ಮುಟ್ಟಲಿಲ್ಲ. ದೊಡ್ಡವರ ಹೊಟ್ಟೆಗೆ ನಮ್ಮ ಚಹಾ ಒಗ್ಗುವುದಿಲ್ಲವೇನೋ.

ಒಪ್ಪಿಕೊಂಡೆ. ಆ ತಂತಿಯ ಪೆಟ್ಟಿಗೆ ಮನೆಯಿಂದ ಹೋದರೆ ಸಾಕು. ಹನ್ನೆರಡು ವರ್ಷದ ಶನಿವಾರಗಳನ್ನು ತಿಂದಿದೆ ಅದು. ನನಗೆ ಜ್ವರ ಬಂದಾಗಲೂ ಇವರು ಹೋದರು. ಕಣ್ಣು ಅರಿಸಿನ ಬಳಿದಂತೆ ಹಳದಿಯಾಗಿ, ಡಾಕ್ಟರರು ಹಾಸಿಗೆ ಬಿಟ್ಟು ಏಳಬೇಡ ಎಂದ ವಾರವೂ ಹೋದರು. ಒಂದು ಸಲವೂ ನನ್ನನ್ನು ಕರೆದೊಯ್ಯಲಿಲ್ಲ. ಕೇಳಿದರೆ, ಅದು ಹೆಂಗಸರು ಬರುವಂಥ ಜಾಗವಲ್ಲ ಎನ್ನುತ್ತಿದ್ದರು. ಅಲ್ಲಿಗೆ ವಕೀಲರ ಹೆಂಡಂದಿರು, ಡಾಕ್ಟರರ ಹೆಂಡಂದಿರು ಬರುತ್ತಿದ್ದದ್ದು ನನಗೆ ಗೊತ್ತಿಲ್ಲವೇ? ಶಾಲೆಯಲ್ಲಿ ಕಲಿಸುವ ಹೆಂಡತಿಯನ್ನು ಕರೆದೊಯ್ಯಲು ಇವರಿಗೆ ನಾಚಿಕೆ.

೧೫ ಜನವರಿ

ಅತ್ತೆ ಗುಡ್ಡವ್ವ ಸೆರಗಿನಿಂದ ಗಿಟಾರು ಒರೆಸುತ್ತ ಕುಳಿತಿದ್ದಳು. ನಿನ್ನೆ ಸಂಕ್ರಾಂತಿಗೆ ಮಾಡಿದ ಮಾದಲಿ ಮುಟ್ಟಿಲ್ಲ, ಇದನ್ನು ಒರೆಸಲು ಮಾತ್ರ ಕೈಯಲ್ಲಿ ಬಲವಿದೆ. ಕ್ಲಬ್ಬಿಗೆ ಕೊಡುತ್ತೇನೆಂದು ಹೇಳಿದೆ. ಒರೆಸುತ್ತಲೇ ಇದ್ದಳು. ಮತ್ತೆ ಹೇಳಿದೆ. "ಯಾರಿಗೆ ಬೇಕಾರ ಕೊಡು, ಅವರಿಗೆ ಬ್ಯಾಡ," ಎಂದಳು. ಏಕೆ ಎಂದರೆ ಬಾಯಿ ಬಿಡಲಿಲ್ಲ. ಮಗನೂ ಹೀಗೆಯೇ ಇದ್ದ. ಈ ಮನೆಯಲ್ಲಿ ಕಾರಣ ಹೇಳುವ ಕೆಲಸ ಯಾವಾಗಲೂ ನನ್ನದೊಂದೇ.

೧೯ ಜನವರಿ, ರವಿವಾರ

ಹೊದಿಕೆಯಲ್ಲಿ ಸುತ್ತಿ, ಟಾಂಗಾದಲ್ಲಿ ಇಟ್ಟುಕೊಂಡು ಗುಲಾಬಸಾಬರ ಸ್ಟುಡಿಯೋಕ್ಕೆ ಹೋದೆ. ಅವರೂ ಕ್ಲಬ್ಬಿನ ವಾದ್ಯಮೇಳದಲ್ಲಿ ಡ್ರಮ್ಮು ಬಾರಿಸುತ್ತಿದ್ದರು. ಇವರು ಹೋದಾಗ ಹೆಗಲು ಕೊಟ್ಟವರಲ್ಲಿ ಒಬ್ಬರು. ಆವತ್ತಿನಿಂದ ನಾನು ಅವರೊಡನೆ ನೆಟ್ಟಗೆ ಮಾತಾಡಿಲ್ಲ. ಇವರನ್ನು ಶನಿವಾರ ಕರೆದುಕೊಂಡು ಹೋಗುತ್ತಿದ್ದವರು ಅವರೇ ಅಲ್ಲವೇ?

ಕುರ್ಚಿಯ ಮೇಲೆ ಕಪ್ಪು ಬಟ್ಟೆ ಹಾಸಿ ಗಿಟಾರು ನಿಲ್ಲಿಸಿದರು. ದೀಪ ಈ ಕಡೆ ತಂದರು, ಆ ಕಡೆ ಒಯ್ದರು. ಮಗಳು ಶಹಜಹಾನಬೇಗಂ ಒಂದು ಬಿಳಿ ರಟ್ಟು ಹಿಡಿದು ನಿಂತಿದ್ದಳು. ಕಾಲೇಜಿಗೆ ಹೋಗುವ ಹುಡುಗಿ, ಕಣ್ಣೆಲ್ಲ ಗಿಟಾರಿನ ಮೇಲೆ. ಒಂದು ಮದುವೆಯ ಜೋಡಿಗೂ ಇಷ್ಟು ಹೊತ್ತು ಹಿಡಿಯಲಿಕ್ಕಿಲ್ಲ. ಮೈಮೇಲೆ ಜಿಡ್ಡು ಕಾಣುತ್ತಿದೆ, ಒರೆಸಲೇ ಎಂದೆ. ಗುಲಾಬಸಾಬರು ಅಡ್ಡ ಬಂದರು.

"ಬ್ಯಾಡ್ರಿ ಅಕ್ಕೋರ. ಅದು ಜಿಡ್ಡಲ್ಲ, ಬಣ್ಣ ಸವದಿದ್ದು. ಅರ್ಜುನಪ್ಪನ ಮೊಣಕೈ ಅಲ್ಲೇ ಕುಂಡರತಿತ್ತು."

ಗೋವೆಗೆ ಹಿಂದಿರುಗಿ ಹೋದ ಬ್ಯಾಂಡ್ ಮಾಸ್ತರರೊಬ್ಬರು ಇವರಿಗೆ ಕೊಟ್ಟು ಹೋದದ್ದು ಅದು. ಆ ಮಾಸ್ತರರಿಗೆ ಬರುವ ಹೊತ್ತಿಗೇ ಹಳೆಯದು. ನಮ್ಮ ಊರಿನಲ್ಲಿ ಸಿಗುವ ಗಿಟಾರುಗಳ ಹಾಗೆ ಅದರ ಎದೆ ಚಪ್ಪಟೆಯಲ್ಲ, ಪಿಟೀಲಿನಂತೆ ಉಬ್ಬಿದೆ. ನಡುವೆ ದುಂಡನೆಯ ತೂತಿಲ್ಲ, ಎರಡು ಕಡೆ ಬಳುಕಿದ ಸೀಳುಗಳು. ಕೆಳಗೆ ತಂತಿ ಬಿಗಿದ ಹಿತ್ತಾಳೆ ಪಟ್ಟಿ ಕಪ್ಪಾಗಿದೆ. ಅದರ ಪಕ್ಕದಲ್ಲಿ ಒಂದು ಬಿರುಕು, ಒಳಗಿನಿಂದ ಬಟ್ಟೆ ಅಂಟಿಸಿ ಹಿಡಿದು ನಿಲ್ಲಿಸಿದ್ದು. ಕುತ್ತಿಗೆಯ ಹಿಂದೆ ಹೆಬ್ಬೆಟ್ಟು ಜಾರಿ ಜಾರಿ ಮರ ಬೆಳ್ಳಗಾಗಿದೆ. ಇಷ್ಟನ್ನೂ ನಾನು ಇವತ್ತೇ ನೋಡಿದ್ದು. ನಮ್ಮ ಮಲಗುವ ಕೋಣೆಯ ಮೂಲೆಯಲ್ಲಿಯೇ ಇತ್ತು, ನೋಡು ಎಂದು ಯಾರು ಹೇಳಿದ್ದರು?

ಕೆಲಸ ಮುಗಿದ ಮೇಲೆ ಹುಡುಗಿ ಯಾರನ್ನೂ ಕೇಳದೆ ಗಿಟಾರಿನ ಒಂದು ಕಿವಿ ತಿರುಗಿಸಿ ತಂತಿ ಬಿಗಿ ಮಾಡಿದಳು. ಅದರ ಸುದ್ದಿ ನಿನಗೇಕೆ ಎಂದು ಗದರಿದೆ. ಕೈ ತೆಗೆದಳು.

೨೨ ಜನವರಿ

ಆ ಮೂಲೆಗೆ ಪುಸ್ತಕದ ಕಪಾಟು ಹಾಕಿಸಬೇಕು. ಬಡಿಗೇರನನ್ನು ಕರೆದು ಅಳತೆ ಕೊಟ್ಟಾಯಿತು.

೨೬ ಜನವರಿ, ರವಿವಾರ

ಮುಂಜಾನೆ ಶಾಲೆಯಲ್ಲಿ ಝಂಡಾ ಏರಿಸಿದ್ದು, ಮಕ್ಕಳಿಗೆ ಪೇಪರಮಿಂಟು ಹಂಚಿದ್ದು, ಅದೆಲ್ಲ ಬೇರೆ ಜನ್ಮದ್ದು ಎನ್ನುವ ಹಾಗಾಗಿದೆ. ಸಂಜೆ ಫೋಟೋ ತರಲು ಹೋಗಿದ್ದೆ. ನೆಟ್ಟಗೆ ಬರೆಯಲು ಪ್ರಯತ್ನಿಸುತ್ತೇನೆ.

ಫೋಟೋ ಚೆನ್ನಾಗಿ ಬಂದಿತ್ತು. ಅದರ ಕೆಳಗೆ ಅಚ್ಚು ಹಾಕಿಸಲು ಮೈಲಾರಲಿಂಗಪ್ಪನವರು ಒಂದು ಒಕ್ಕಣೆ ಹೇಳಿ ಕಳಿಸಿದ್ದರಂತೆ. 'ನಮ್ಮ ಸಭಾಗೃಹದಲ್ಲಿ ಹನ್ನೆರಡು ವರ್ಷ ಸಂಗೀತ ಸೇವೆ ಸಲ್ಲಿಸಿದ ದಿವಂಗತ ಅರ್ಜುನಪ್ಪ ಇವರ ವಾದ್ಯ.' ಗುಲಾಬಸಾಬರು ಅದನ್ನು ನನಗೆ ಓದಿ ಹೇಳಿ, ಫೋಟೋ ಲಕೋಟೆಯಲ್ಲಿ ಹಾಕುತ್ತ, ಸಭಾಗೃಹ ಎನ್ನುವುದೊಂದು ಸುಳ್ಳು ಎಂದು ಗೊಣಗಿದರು. ಏನು ಎಂದೆ. ಏನಿಲ್ಲ ಎಂದರು. ಮೂರು ತಿಂಗಳಿಂದ ಏನಿಲ್ಲ, ಏನಿಲ್ಲ ಎಂದು ಕೇಳಿ ಸಾಕಾಗಿದೆ. ಹೇಳದೆ ಇಲ್ಲಿಂದ ಏಳುವುದಿಲ್ಲ ಎಂದು ಕುಳಿತೆ.

ಮೇಳದವರೆಲ್ಲ ಹಾಲಿನಲ್ಲಿ ಸಣ್ಣ ವೇದಿಕೆಯ ಮೇಲೆ ಕೂಡುತ್ತಿದ್ದರಂತೆ. ಇವರೊಬ್ಬರು ಮಾತ್ರ ಅಡಿಗೆಮನೆಗೆ ಹೋಗುವ ಓಣಿಯಂಥ ಜಾಗದಲ್ಲಿ, ಬಾಗಿಲ ಮರೆಯಲ್ಲಿ, ಒಂದು ಸ್ಟೂಲಿನ ಮೇಲೆ. ಬಾಗಿಲಿಗೆ ಪರದೆ. ಗಿಟಾರಿನ ಧ್ವನಿ ಹಾಲಿಗೆ ಬರಬೇಕು, ನುಡಿಸುವವನು ಬರಬಾರದು. ಊಟದ ಹೊತ್ತಿಗೆ ಇಂಥವನು ಹಾಲಿನೊಳಗೆ ಬೇಡ ಎಂದು ಹಳೆಯ ಸದಸ್ಯರು ಹಟ ಹಿಡಿದಿದ್ದರಂತೆ. ಮಾವ ಹುಚ್ಚಪ್ಪ ಅದೇ ಕ್ಲಬ್ಬಿನ ಅಂಗಳ ಗುಡಿಸುತ್ತಿದ್ದವರು. ಹಾಗಾಗಿ ಇವರು ಯಾರ ಮಗ, ಯಾವ ಜಾತಿ ಎಂದು ಅಲ್ಲಿ ಎಲ್ಲರಿಗೂ ಗೊತ್ತು. ಚಹಾಕ್ಕೆ ಕಿವಿ ಮುರಿದ ಕಪ್ಪು ಬೇರೆ.

"ನೀವೆಲ್ಲಾ ಬಾರ್ಸಿಕೋತ ಕುಂತ್ರಿ?" ಎಂದೆ.

"ಕುಂತ್ವಿರಿ," ಎಂದರು. "ಒಮ್ಮೆ ನಾ ಬಿಡ್ತೇನಿ ಅಂದೆ. ಅವನ ಬ್ಯಾಡ ಅಂದ. ಮೇಳ ಮುರದ್ರ ಇಂಥಾ ಗಿಟಾರ ನಾ ಎಲ್ಲಿ ಬಾರ್ಸಲಿ ಗುಲಾಬ, ಅಂದ. ಕಸ್ತೂರಿಗೆ ಹೇಳಬ್ಯಾಡ ಅಂತ ಆಣಿ ಹಾಕಿಸಿಕೊಂಡ."

ಕಸ್ತೂರಿಗೆ ಹೇಳಬೇಡ. ಏಕೆಂದರೆ ಕಸ್ತೂರಿ ಏನು ಮಾಡುತ್ತಾಳೆಂದು ಗೊತ್ತಿತ್ತು. ಐವತ್ತೆಂಟರಲ್ಲಿ ನಮ್ಮ ಶಾಲೆಯ ಹೆಡ್‌ಮಾಸ್ತರ ನನಗಾಗಿ ಬೇರೆ ತಂಬಿಗೆ ಇಟ್ಟಾಗ, ಎಲ್ಲರೆದುರು, ಎಲ್ಲರೂ ಕುಡಿಯುವ ದೊಡ್ಡ ಹರವಿಗೆ ಕೈ ಹಾಕಿ ನೀರು ಕುಡಿದು, ಇನ್‌ಸ್ಪೆಕ್ಟರರಿಗೆ ಅರ್ಜಿ ಬರೆದು, ಅವನ ವರ್ಗವಾಗುವ ತನಕ ಬಿಟ್ಟವಳಲ್ಲ ನಾನು. ವರ್ಗವಾದ ದಿನ ರಾತ್ರಿ ಇವರು ನನ್ನ ಬೆನ್ನು ತಟ್ಟಿದರು. ಮರುದಿನ ಶನಿವಾರ. ಗಿಟಾರು ಹೊತ್ತು ಹೋದರು. ಹೋಗಿ ಆ ಸ್ಟೂಲಿನ ಮೇಲೆ ಕುಳಿತರು!

ನಿಮ್ಮ ಮೇಲಿನ ಸಿಟ್ಟನ್ನು ಏನು ಮಾಡಲಿ ಹೇಳಿ. ಕಪಾಳಕ್ಕೆ ಹೊಡೆಯಲೂ ನೀವು ಇಲ್ಲ.

೨೭ ಜನವರಿ

ಅತ್ತೆಗೆ ಎಲ್ಲ ಗೊತ್ತಿತ್ತು.

ಕೇಳಿದೆ. ಅಳಲಿಲ್ಲ, ಅಡ್ಡ ಮಾತಾಡಲಿಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಕೈಗೆ ಹತ್ತಿದ ಹಿಟ್ಟನ್ನು ತಿಕ್ಕಿಕೊಂಡು, ಹೇಳಿದಳು.

"ನಿನಗ ಹೇಳಿದ್ರ ಬಿಡಸ್ತಿದ್ದಿ. ಬಿಡಿಸಿದ್ರ ಅಂವ ಉಳೀತಿದ್ದಿಲ್ಲ. ವಾರೆಲ್ಲಾ ಕಚೇರಿಯೊಳಗ ಮಂದಿ ಫೈಲ ಹೊತ್ತು, ಶನಿವಾರ ಒಂದಿನ ಮನಷ್ಯಾ ಆಗತಿದ್ದ."

ಬಾಗಿಲ ಹಿಂದೆ ಕುಳಿತು ಮನುಷ್ಯನಾಗುವುದು ಎಂಥದು ಎಂದು ಕೂಗಿದೆ. ಪಕ್ಕದ ಮನೆಯವರು ಹಣಿಕಿ ನೋಡುವಷ್ಟು ಕೂಗಿದೆ. ಅತ್ತೆ ಮತ್ತೆ ರೊಟ್ಟಿ ಬಡಿಯಲು ಶುರು ಮಾಡಿದಳು. "ಅದ ನನಗೂ ತಿಳೀಲಿಲ್ಲವಾ," ಎಂದಳು.

ನಾನು ಉಣ್ಣಲಿಲ್ಲ. ಅವಳೂ ಉಣ್ಣಲಿಲ್ಲ.

೩೦ ಜನವರಿ

ಗಿಟಾರು ಕೊಡುವುದಿಲ್ಲ ಎಂದು ಹೇಳಿ ಕಳಿಸಬಹುದಿತ್ತು. ಕಳಿಸಲಿಲ್ಲ. ರವಿವಾರ ಕಾರು ಕಳಿಸುತ್ತಾರಂತೆ. ಬರುತ್ತೇನೆ ಎಂದು ಹೇಳಿದ್ದೇನೆ. ಆ ಜಾಗವನ್ನು ನನ್ನ ಕಣ್ಣಿನಿಂದ ನೋಡಬೇಕು.

೨ ಫೆಬ್ರುವರಿ, ರವಿವಾರ

ಕಾರು ಬೇಡ ಎಂದು ಬಸ್ಸಿಗೇ ಹೋದೆ. ಗುಲಾಬಸಾಬರು ಕ್ಯಾಮೆರಾ ಪೆಟ್ಟಿಗೆ ಹಿಡಿದುಕೊಂಡರು, ನಾನು ಗಿಟಾರು ಹಿಡಿದುಕೊಂಡೆ. ಒಂದು ತಗ್ಗು ಬಂದಾಗಲೆಲ್ಲ ತಂತಿಗಳು ತಾವೇ ಗುಂಯ್ ಎನ್ನುತ್ತಿದ್ದವು. ಧಾರವಾಡದ ತನಕ ಎದೆಗೆ ಒತ್ತಿ ಹಿಡಿದಿದ್ದೆ. ಸೀರೆಯ ಮೇಲೆ ಹಿತ್ತಾಳೆ ಪಟ್ಟಿಯ ಕಪ್ಪು ಹತ್ತಿದೆ.

ಹಾಲಿನಲ್ಲಿ ಮೈಲಾರಲಿಂಗಪ್ಪನವರು, ಇನ್ನೂ ನಾಲ್ಕೈದು ಜನ ದೊಡ್ಡವರು. ಹೊಸ ಗಾಜಿನ ಕಪಾಟಿನ ಮುಂದೆ ನನ್ನನ್ನೂ ಮೈಲಾರಲಿಂಗಪ್ಪನವರನ್ನೂ ನಿಲ್ಲಿಸಿ ಫೋಟೋ ತೆಗೆಯುವ ಏರ್ಪಾಡು. ಅವರು ಗಿಟಾರಿಗೆ ಕೈ ನೀಡಿದರು. ನಾನು ಕೊಡಲಿಲ್ಲ.

"ಇವರು ಎಲ್ಲಿ ಕುಂಡರತಿದ್ರು, ತೋರಸ್ರಿ," ಎಂದೆ.

ಇಲ್ಲೇ, ಇದೇ ಹಾಲಿನಲ್ಲಿ ಎಂದು ಕೈ ಬೀಸಿ ತೋರಿಸಿದರು. ನಾನು ಗುಲಾಬಸಾಬರ ಮುಖ ನೋಡಿದೆ. ಅವರು ಪಕ್ಕದ ಬಾಗಿಲ ಕಡೆ ನಡೆದರು. ಪರದೆ ಸರಿಸಿದರು. ನಾನೂ ಹೋದೆ.

ಇಕ್ಕಟ್ಟಾದ ಜಾಗ. ಒಂದು ಕಡೆ ಅಡಿಗೆಮನೆ, ಇನ್ನೊಂದು ಕಡೆ ಮುಸುರೆ ಪಾತ್ರೆ ತೊಳೆಯುವ ಬಚ್ಚಲು. ಗೋಡೆ ಹೊಗೆ ಕುಡಿದು ಕಪ್ಪಾಗಿದೆ. ಸ್ಟೂಲು ಅಲ್ಲೇ ಇತ್ತು, ಈಗ ಅದರ ಮೇಲೆ ಉಳ್ಳಾಗಡ್ಡಿಯ ಬುಟ್ಟಿ. ಗೋಡೆಯಲ್ಲಿ ಭುಜದ ಎತ್ತರಕ್ಕೆ ಎಣ್ಣೆ ಬಡಿದಂತೆ ಮಿಂಚುವ ಒಂದು ಕಲೆ. ಒರಗಿ ಒರಗಿ ಆದದ್ದು. ಯಾರು ಒರಗಿದ್ದು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಬುಟ್ಟಿ ಕೆಳಗಿಟ್ಟೆ. ಸ್ಟೂಲಿನ ಮೇಲೆ ಕುಳಿತೆ. ಗಿಟಾರು ತೊಡೆಯ ಮೇಲೆ ಇಟ್ಟುಕೊಂಡೆ. ಅಲ್ಲಿಂದ ಹಾಲಿನೊಳಗಿನ ಒಂದು ಕುರ್ಚಿಯೂ ಕಾಣುವುದಿಲ್ಲ. ಪರದೆಯ ನೂಲು ಕಾಣುತ್ತದೆ, ಅಷ್ಟೇ.

ಮೈಲಾರಲಿಂಗಪ್ಪನವರು ಬಾಗಿಲ ತನಕ ಬಂದರು. "ಅವಾಗಿನ ಪದ್ಧತಿ ಹಂಗಿತ್ರೀ. ನಾವೂ ಏನ ಮಾಡೂದು? ಈಗ ಕಾಲ ಬದಲಾಗೇತಿ ಅಂತನ ಅಲ್ಲ, ಹಾಲಿನಾಗ ಇಡಾಕತ್ತಿದ್ದು?"

"ಅವಾಗ ಅಂದ್ರ ಯಾವಾಗ್ರಿ? ಹೋದ ಸಪ್ಟಂಬರನ್ಯಾಗೂ ಅವರು ಇಲ್ಲೇ ಕುಂತಿದ್ರು."

ಅವರು ಹಾಲಿನ ಕಡೆ ತಿರುಗಿ ನೋಡಿದರು. ನಾನೇ ಹೇಳಿದೆ. ನೀವು ಒಳಗೆ ಬರ್ರಿ, ನಾನು ಇಲ್ಲಿ ಕುಳಿತು ಗಿಟಾರು ಕೊಡುತ್ತೇನೆ, ನೀವು ಇಲ್ಲಿ ನಿಂತು ತೆಗೆದುಕೊಳ್ಳಿರಿ, ಫೋಟೋ ಇಲ್ಲಿಯೇ ಆಗಲಿ, ಇದೇ ನಿಮ್ಮ ಸಂಚಿಕೆಯಲ್ಲಿ ಬರಲಿ. ಆಮೇಲೆ ನೀವು ಗಿಟಾರನ್ನು ಗಾಜಿನಲ್ಲಿಡಿರಿ, ಚಿನ್ನದಲ್ಲಿಡಿರಿ, ನಾನು ಕೇಳುವುದಿಲ್ಲ. ನನ್ನ ಧ್ವನಿ ಏರಿರಲಿಲ್ಲ. ತರಗತಿಯಲ್ಲಿ ಮಗ್ಗಿ ಹೇಳಿಕೊಡುವ ಹಾಗೆ ಹೇಳಿದೆ.

ಹೊಸ್ತಿಲು ದಾಟಿ ಒಂದು ಹೆಜ್ಜೆ ಇಡಬೇಕಾಗಿತ್ತು ಆ ಮನುಷ್ಯ. ಇಡಲಿಲ್ಲ. ಹಾಲಿನಲ್ಲಿದ್ದ ಯಾರೋ, ಸಾಕಿನ್ನು ನಡೀರಿ ಸಾವಕಾರ್ರ, ಮಂತ್ರಿಗಳ ಕಾರ್ಯಕ್ರಮದಾಗ ಇದೆಲ್ಲಾ ಯಾಕ, ಎಂದರು. ಅವರು ತಿರುಗಿ ಹೋದರು. ಹೋಗುತ್ತ ಗುಲಾಬಸಾಬರಿಗೆ, ಕ್ಯಾಮೆರಾ ಮುಚ್ಚು ಎಂದರು.

ಗುಲಾಬಸಾಬರು ಮುಚ್ಚಲಿಲ್ಲ. ಮೂರು ಕಾಲಿನ ಸ್ಟ್ಯಾಂಡನ್ನು ಆ ಇಕ್ಕಟ್ಟಿನಲ್ಲಿ ಹೇಗೋ ಊರಿದರು. ಪರದೆಯನ್ನು ಮೊಳೆಗೆ ಸಿಕ್ಕಿಸಿದರು. "ಅಕ್ಕೋರ, ಈ ಕಡೆ ನೋಡ್ರಿ," ಎಂದರು. ನೋಡಿದೆ.

೩ ಫೆಬ್ರುವರಿ

ಜ್ವರ ಬಂದಂತಿದೆ. ಶಾಲೆಗೆ ಹೋದೆ. ಪಾಪ, ನಾಲ್ಕನೆಯ ಇಯತ್ತೆಯ ಮಕ್ಕಳಿಗೆ ಸುಮ್ಮಸುಮ್ಮನೆ ಬೈದೆ. ಕಪಾಟು ಬೇಡವೆಂದು ಬಡಿಗೇರನಿಗೆ ಹೇಳಿ ಕಳಿಸಿದೆ.

೧೬ ಫೆಬ್ರುವರಿ, ರವಿವಾರ

ಗುಲಾಬಸಾಬರು ಫೋಟೋ ತಂದು ಕೊಟ್ಟರು. ಕ್ಲಬ್ಬಿನ ಬೆಳ್ಳಿಹಬ್ಬದ ಫೋಟೋ ಕೆಲಸವನ್ನು ಬೇರೆ ಸ್ಟುಡಿಯೋಕ್ಕೆ ಕೊಟ್ಟಿದ್ದಾರಂತೆ, ಮೇಳಕ್ಕೆ ಬರುವುದೂ ಬೇಡವೆಂದಿದ್ದಾರಂತೆ. ನನ್ನಿಂದಾಗಿ ಹೀಗಾಯಿತಲ್ಲ ಎಂದೆ. ಹನ್ನೆರಡು ವರ್ಷ ತಡವಾಗಿ ಎದ್ದು ಬಂದೆ ಅಷ್ಟೇ ಎಂದರು.

ಫೋಟೋದಲ್ಲಿ ನನ್ನ ಮುಖ ಕಾಳಿಯ ಮುಖದ ಹಾಗಿದೆ. ಇದನ್ನು ಯಾರಿಗೂ ತೋರಿಸಬಾರದು ಎಂದುಕೊಂಡೆ. ಅತ್ತೆ ನನ್ನ ಕೈಯಿಂದ ಕಸಿದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದಳು. ಆಮೇಲೆ ಗೋಡೆಯ ಮೇಲಿನ ಬುದ್ಧನ ಪಟದ ಪಕ್ಕದಲ್ಲಿ ಮೊಳೆ ಹೊಡೆ ಎಂದಳು. ಹೊಡೆದೆ.

ಗಿಟಾರನ್ನು ಇನ್ನು ಏನು ಮಾಡುತ್ತೀರಿ ಎಂದು ಗುಲಾಬಸಾಬರು ಕೇಳಿದರು. ನಾನು ಉತ್ತರ ಕೊಡುವ ಮೊದಲೇ ಹೇಳಿದರು. ತಮ್ಮ ಮಗಳಿಗೆ ಎರಡು ವರ್ಷದಿಂದ ಅರ್ಜುನಪ್ಪ ರವಿವಾರ ಮುಂಜಾನೆ ಪಾಠ ಹೇಳುತ್ತಿದ್ದ ಎಂದು. ಇದೂ ನನಗೆ ಗೊತ್ತಿರಲಿಲ್ಲ! ರವಿವಾರ ಸಂತೆಗೆ ಹೋಗಿ ಬರುತ್ತೇನೆಂದು ಹೋಗಿ, ಬಾಡಿದ ಬದನೆಕಾಯಿ ತರುತ್ತಿದ್ದದ್ದು ಅದಕ್ಕೇ.

ಇನ್ನೇನು ಉಳಿದಿದೆ? ಎಲ್ಲ ಒಮ್ಮೆಲೇ ಹೇಳಿಬಿಡಿರಿ ಎಂದೆ. ಅವರು ನಕ್ಕರು. ನನಗೂ ಬಾಯಿ ಸ್ವಲ್ಪ ಅಗಲವಾಯಿತು, ಅದಕ್ಕೂ ಸಿಟ್ಟು ಬಂತು.

೨೩ ಫೆಬ್ರುವರಿ, ರವಿವಾರ

ಮುಂಜಾನೆ ತಂದೆ ಮಗಳು ಇಬ್ಬರೂ ಬಂದರು. ನಾನೇ ಹೇಳಿ ಕಳಿಸಿದ್ದೆ. ನಿನ್ನೆಯೇ ಗಿಟಾರು ಒರೆಸಿಟ್ಟಿದ್ದೆ, ಸವೆದ ಜಾಗ ಬಿಟ್ಟು.

ಹುಡುಗಿಯನ್ನು ಮುಂದೆ ಕೂಡಿಸಿಕೊಂಡು ಹೇಳಿದೆ. ಇದನ್ನು ಕೊಡುತ್ತೇನೆ, ಒಂದು ಕರಾರು. ಎಲ್ಲಿ ಬಾಗಿಲ ಹಿಂದೆ ಕೂಡು ಎನ್ನುತ್ತಾರೋ ಅಲ್ಲಿ ನುಡಿಸಬಾರದು. ಅವಳು ತಲೆ ತಗ್ಗಿಸಿ ಉಗುರು ನೋಡಿಕೊಂಡಳು.

"ಹಂಗಾರ ನನಗ ಕೊಡಬ್ಯಾಡ್ರಿ ಅಕ್ಕೋರ," ಎಂದಳು. "ನಾ ಬಾಗಲಾ ಹಾಕ್ಕೊಂಡ ಕಲ್ತದ್ದು. ಹೆಣ್ಣು ಹುಡಿಗಿ ಗಿಟಾರ ಬಾರಸ್ತಾಳಂದ್ರ ಮಂದಿ ಏನಂತಾರ ಅಂತ, ಕಿಡಕೀಗೆ ಕಂಬಳಿ ಹಾಕಿರತಾರ ಅಪ್ಪಾ."

ಗುಲಾಬಸಾಬರ ಕಡೆ ತಿರುಗಿದೆ. ಆ ಮನುಷ್ಯನ ಮುಖ ಸಣ್ಣದಾಗಿತ್ತು. ಕ್ಲಬ್ಬಿನಲ್ಲಿ ಪರದೆ ಮೊಳೆಗೆ ಸಿಕ್ಕಿಸಿದ ಕೈ ಇದೇ ತಾನೆ! ನಾಲಿಗೆಯ ತುದಿಗೆ ಬಂದದ್ದನ್ನೆಲ್ಲ ಅಂದುಬಿಡುತ್ತಿದ್ದೆ. ಅಷ್ಟರಲ್ಲಿ ಅತ್ತೆ ಒಳಗಿನಿಂದ ಎದ್ದು ಬಂದು, ಮುಂಬಾಗಿಲು ಪೂರಾ ತೆರೆದು, ಹೊರಗಿನ ಕಟ್ಟೆಯ ಮೇಲೆ ಚಾಪೆ ಹಾಸಿದಳು.

"ಬಾಯವ್ವಾ. ಇಲ್ಲಿ ಕುಂತ ಬಾರ್ಸು. ಮಂದಿ ಏನಂತಾರ, ಕೇಳೇಬಿಡೂಣು."

ಹುಡುಗಿ ಅಪ್ಪನ ಮುಖ ನೋಡಿದಳು. ಅಪ್ಪ ಗಿಟಾರು ಎತ್ತಿ ತಂದು ಅವಳ ತೊಡೆಯ ಮೇಲೆ ಇಟ್ಟರು. ಅದರ ಮೈ ದೊಡ್ಡದು, ಅವಳ ಕೈ ಸಣ್ಣದು, ಮೊಣಕೈ ಆ ಸವೆದ ಜಾಗದ ಮೇಲೆ ಕೂಡಲೇ ಇಲ್ಲ, ಅದಕ್ಕಿಂತ ಒಂದು ಗೇಣು ಹಿಂದೆ ಕುಳಿತಿತು. ಶುರು ಮಾಡಿದಳು. ಎದುರಿನ ಮನೆಯ ಮುರಿಗೆವ್ವ ನೀರಿನ ಕೊಡ ಹೊತ್ತವಳು ಹಾಗೇ ನಿಂತಳು. ಸೈಕಲ್ಲಿನ ಮೇಲೆ ಹೋಗುತ್ತಿದ್ದ ಇಬ್ಬರು ಒಂದು ಕಾಲು ನೆಲಕ್ಕೆ ಊರಿದರು. ಯಾರೋ ಒಬ್ಬ ಸೀಟಿ ಹೊಡೆದ. ಹುಡುಗಿ ನಿಲ್ಲಿಸಿಬಿಟ್ಟಳು. ನಾನು ಕಟ್ಟೆ ಇಳಿದು ಅವನ ಎದುರು ಹೋಗಿ ನಿಂತೆ. ಅವನು ನನ್ನ ಶಾಲೆಯಲ್ಲಿ ಕಲಿತವನೇ. ನಮಸ್ಕಾರ್ರಿ ಅಕ್ಕೋರ ಎಂದು ಹೋದ.

ಮತ್ತೆ ಬಾರಿಸು ಎಂದೆ. ಬಾರಿಸಿದಳು. ಇವರು ಮುಂಜಾನೆ ಕಚೇರಿಗೆ ಹೋಗುವ ಮೊದಲು, ನಾನು ಒಲೆಯ ಮುಂದೆ ಇರುವಾಗ, ಕೋಣೆಯಲ್ಲಿ ಒಬ್ಬರೇ ಕುಳಿತು ನುಡಿಸುತ್ತಿದ್ದದ್ದು ಅದು. ಮೊದಲನೆಯ ಸುತ್ತು ನೆಟ್ಟಗೆ ಬಂತು. ಎರಡನೆಯದರ ಕೊನೆಗೆ ಅವಸರದಿಂದ ಕೆಳಗೆ ಇಳಿದುಬಿಟ್ಟಳು.

"ಅಲ್ಲಿ ತಪ್ಪಿತು," ಎಂದೆ. "ಅಲ್ಲಿ ಇಳಿಯೂದಿಲ್ಲ. ಒಂದ ಕ್ಷಣ ನಿಲ್ಲತೈತಿ, ಆಮ್ಯಾಲ ಇಳಿತೈತಿ."

ಬಾಯಿಂದ ಅಂದು ತೋರಿಸಿದೆ. ಹಾಗೆಯೇ ಬಾರಿಸಿದಳು. ಸರಿಯಾಯಿತು. ಹುಡುಗಿ ತಲೆಯೆತ್ತಿ, ನಿಮಗೂ ಬರುತ್ತದೆಯೇ ಎಂದು ಕೇಳಿದಳು.

ನನಗೆಲ್ಲಿ ಬರಬೇಕು, ಯಾರು ಕಲಿಸಿದ್ದರು ಎಂದೆ. ಇನ್ನೊಮ್ಮೆ ಮೊದಲಿನಿಂದ ಬಾರಿಸಲು ಹೇಳಿದೆ.